ಕಡಲಿಗೆ ಮಳೆಮಾಪಕ ಇಡುವುದು ಹೇಗೆ?

ಧಾರವಾಡದ ನಮ್ಮ ಮನೆ ಮಾಳಿಗೆ ಮೇಲೆ ಒಂದು ಮಳೆಮಾಪಕ ಇದೆ. ಹೋದ ಮುಂಗಾರಿನಲ್ಲಿ ಬೇವಿನ ಎಲೆ ಸಿಕ್ಕಿಕೊಂಡು ಎಂಟು ದಿನದ ಅಳತೆ ಕೆಟ್ಟಿತು. ಮನೆ ಮೇಲಿನದ್ದೇ ಹೀಗಾದರೆ ನಡುಗಡಲಿನದ್ದು? ನವಲಗುಂದದ ಎರೆ ಹೊಲಕ್ಕೆ ಹೆಸರು ಬಿತ್ತುವವರು ಕಾಯುವುದು ಕಡಲಿನಿಂದ ಬರುವ ಮಳೆಗೇ. ಅದರ ಲೆಕ್ಕ ನಮಗೂ ಬೇಕು, ಅಲ್ವಾ?

ಒಂದು ದೇಶ ಕಡಲನ್ನು ಅಳೆಯುವ ಜಾಲ ಕಟ್ಟಬೇಕಾದರೆ, ಮೊದಲು ಏನು ತಿಳಿಯಬೇಕು ಅಂತ ಗೊತ್ತುಮಾಡಿಕೊಳ್ಳಬೇಕು. ಯಂತ್ರದ ಮಾತು ಆಮೇಲೆ. ಸುನಾಮಿ ಎಚ್ಚರಿಕೆಗೆ ಭೂಕಂಪ ಮಾಪಕಗಳ ಜೊತೆ ಕಡಲ ತಳದಲ್ಲಿ ಒತ್ತಡ ಅಳೆಯುವ ಸಾಧನ, ದಡದಲ್ಲಿ ಉಬ್ಬರ ಇಳಿತದ ಮಾಪಕ ಬೇಕು. 2004ರ ಡಿಸೆಂಬರ್ 26ರಂದು ಹಿಂದೂ ಮಹಾಸಾಗರಕ್ಕೆ ಅಂಥ ವ್ಯವಸ್ಥೆಯೇ ಇರಲಿಲ್ಲ. ಕಡಲಿನ ಮಾಹಿತಿ ಕೊಡುವ ಸರ್ಕಾರಿ ಸಂಸ್ಥೆಯಾದ ಹೈದರಾಬಾದಿನ ಇನ್‌ಕಾಯ್ಸ್‌ನಲ್ಲಿ ನಮ್ಮ ಎಚ್ಚರಿಕೆ ಕೇಂದ್ರ ಶುರುವಾದದ್ದು 2007ರಲ್ಲಿ. ಹವಾಮಾನದ ಕೆಲಸ ಬೇರೆ. ಭೂಮಿಯಲ್ಲಿ ಜಾಸ್ತಿಯಾದ ಶಾಖದಲ್ಲಿ ಶೇ 90ರಷ್ಟನ್ನು ಕಡಲೇ ನುಂಗಿದೆ. ಉಪಗ್ರಹಕ್ಕೆ ನೀರಿನ ಬಿಸಿ ಕಾಣುವುದು ಮೇಲ್ಪದರದಲ್ಲಿ ಮಾತ್ರ. ಆಳಕ್ಕೆ ಯಾರಾದರೂ ಇಳಿಯಲೇಬೇಕು.

ಇಳಿಯುವುದು ಆರ್ಗೋ ಎಂಬ ತೇಲುಕ. ನನಗೆ ಬಹಳ ಇಷ್ಟವಾದ ಯಂತ್ರ ಇದು. ಆಂಟೆನಾ ಸೇರಿದರೆ ಸುಮಾರು ಆಳೆತ್ತರದ ಕೊಳವೆ. ಅದನ್ನು ಓಡಿಸುವ ರೆಕ್ಕೆಚಕ್ರ ಇಲ್ಲ. ಒಳಗಿನ ಎಣ್ಣೆಯನ್ನು ತಳದ ರಬ್ಬರ್ ಚೀಲಕ್ಕೆ ತಳ್ಳಿದರೆ ತೂಕ ಅಷ್ಟೇ, ಗಾತ್ರ ಜಾಸ್ತಿ. ಮೇಲೇಳುತ್ತದೆ. ಎಣ್ಣೆ ವಾಪಸ್ ಎಳೆದುಕೊಂಡರೆ ಮುಳುಗುತ್ತದೆ. 1,000 ಮೀಟರ್ ಆಳದಲ್ಲಿ ಒಂಬತ್ತು ದಿನ ಸುಮ್ನೆ ಹರಿವಿನ ಜೊತೆ ಹೋಗುತ್ತದೆ. ಆಮೇಲೆ 2,000 ಮೀಟರಿಗೆ ಇಳಿದು, ಮೇಲೆ ಬರುತ್ತ ಬಿಸಿ, ಉಪ್ಪು, ಒತ್ತಡ ಅಳೆಯುತ್ತದೆ. ನೀರಿನ ಮೇಲೆ ತಲೆ ಎತ್ತಿ ಉಪಗ್ರಹಕ್ಕೆ ಸುದ್ದಿ ಕಳಿಸಿ ಮತ್ತೆ ಕೆಳಗೆ. ಹತ್ತು ದಿನಕ್ಕೊಂದು ಸುತ್ತು. ಜಗತ್ತಿನ ಕಡಲುಗಳಲ್ಲಿ ಇಂಥವು ಸುಮಾರು 4,000 ಇವೆ. ಹಲವು ದೇಶಗಳು ಸೇರಿ ಇವನ್ನು ಕಡಲಿಗೆ ಬಿಟ್ಟಿವೆ, ಭಾರತವೂ ಅದರಲ್ಲಿದೆ.

ತೇಲುಕ ಒಂದೇ ಕಡೆ ನಿಲ್ಲುವುದಿಲ್ಲ. ಒಂದೇ ಜಾಗದ ಗಾಳಿ, ಅಲೆ, ನೀರಿನ ದಿನಚರಿ ಬೇಕಾದರೆ ಲಂಗರು ಹಾಕಿದ ತೇಲುಬುರುಡೆ ನಿಲ್ಲಿಸಬೇಕು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಇದನ್ನೇ ಮಾಡುತ್ತಿದೆ. ತಲೆನೋವು ಶುರುವಾಗುವುದೂ ಇಲ್ಲೇ. ಪಾಚಿ, ಚಿಪ್ಪಿನ ಜೀವಿಗಳು ಅಂಟಿಕೊಂಡು ಅಳತೆ ಕೆಡುತ್ತದೆ. ಬುರುಡೆಯ ನೆರಳಿಗೆ ಮೀನು ಸೇರುತ್ತವೆ, ಮೀನಿನ ಹಿಂದೆ ದೋಣಿಗಳು ಬರುತ್ತವೆ, ಹಗ್ಗ ಕಟ್ಟುತ್ತಾರೆ, ಬಲೆ ಸಿಕ್ಕಿ ತಂತಿ ಹರಿಯುತ್ತದೆ. ಅದಕ್ಕೇ ನನ್ನ ಪ್ರಕಾರ, ಯಂತ್ರ ಇಳಿಸುವ ಮೊದಲೇ ಬಂದರಿಗೆ ಹೋಗಿ ಮೀನುಗಾರರ ಜೊತೆ ಕೂತು ಮಾತಾಡಬೇಕು. ಮೀನು ಎಲ್ಲಿ ಸಿಗಬಹುದು ಅಂತ ಇನ್‌ಕಾಯ್ಸ್ ಮೀನುಗಾರರಿಗೆ ಸೂಚನೆ ಕೊಡುತ್ತದಲ್ಲ, ಮಾತು ಅಲ್ಲಿಂದ ಶುರುಮಾಡಬಹುದು. ಬಜೆಟ್‌ನಲ್ಲಿ ಹಡಗು, ರಿಪೇರಿ, ಬಿಡಿಭಾಗಕ್ಕೆ ಪ್ರತಿ ವರ್ಷ ದುಡ್ಡು ಇಡದಿದ್ದರೆ ಉದ್ಘಾಟನೆಯ ಫೋಟೋ ಮಾತ್ರ ಉಳಿಯುತ್ತದೆ.

ಕೊನೆಗೆ ಲೆಕ್ಕದ ಪುಸ್ತಕ. ಅಳತೆ ಸಿಗದ ದಿನ ಸೊನ್ನೆ ಬರೆಯಬಾರದು, ಖಾಲಿ ಬಿಡಬೇಕು. ಅನುಮಾನ ಬಂದ ಅಂಕಿಗೆ ಗುರುತು ಹಾಕಿ, ಅಳಿಸಬೇಡಿ. ಆಮೇಲೆ ಎಲ್ಲರಿಗೂ ತೆರೆದಿಡಿ. ಆರ್ಗೋ ಅಂಕಿಗಳು ಸಾಮಾನ್ಯವಾಗಿ ಒಂದು ದಿನದೊಳಗೆ ಬಿಟ್ಟಿ ಸಿಗುತ್ತವೆ. ಹುಬ್ಬಳ್ಳಿಯ ಹಾಸ್ಟೆಲ್ ಕೋಣೆಯಲ್ಲಿ ಕೂತ ವಿದ್ಯಾರ್ಥಿಯೂ ಅರಬ್ಬಿ ಸಮುದ್ರದ 2,000 ಮೀಟರ್ ಆಳ ಇವತ್ತು ಎಷ್ಟು ತಣ್ಣಗಿದೆ ಅಂತ ನೋಡಬಹುದು.