ಡ್ರಮ್ ಇಟ್ಟು ಲೆಕ್ಕ ಹಾಕಿದ ಮೇಲೆ

ನಮ್ಮದು ಕೋಲಾರದ ಕಡೆ ನಾಲ್ಕು ಎಕರೆ. ವರ್ಷಪೂರ್ತಿ ಹರಿಯುವ ನದಿ ಇಲ್ಲದ ಜಿಲ್ಲೆ, ಹಾಗಾಗಿ ಎಲ್ಲಾ ಬೋರ್‌ವೆಲ್ ನಂಬಿಕೊಂಡೇ. ನಮ್ಮ ಬೋರಿನಲ್ಲಿ 800 ಅಡಿಗೆ 7.5 ಎಚ್‌ಪಿ ಮೋಟಾರ್ ಇಳಿಸಿದ್ದೇವೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಬಿಲ್ ಇಲ್ಲ, ಅದಕ್ಕೇ ಕರೆಂಟನ್ನು ನಾನು ಯಾವತ್ತೂ ಖರ್ಚು ಅಂತ ಎಣಿಸಿರಲೇ ಇಲ್ಲ.

ಮೋಟಾರ್ ಓಡಲು ಬೇಕಾದ ತ್ರೀ ಫೇಸ್ ಕರೆಂಟ್ ಬರುವುದು ದಿನಕ್ಕೆ ಏಳು ಗಂಟೆ ಕಾಲ, ಅದರಲ್ಲೂ ಅರ್ಧದಷ್ಟು ರಾತ್ರಿ ಹೊತ್ತು. ಟಾರ್ಚ್ ಹಿಡಿದು ಹಾವಿನ ಭಯದಲ್ಲಿ ನೀರು ಕಟ್ಟುವ ಗೋಳು ಬೇಡ ಅಂತ 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಕೃಷಿ ಹೊಂಡ ತೆಗೆಸಿ ಪಾಲಿಥಿನ್ ಶೀಟ್ ಹಾಸಿದೆ. ಇಳಿಜಾರು ಕಳೆದರೂ ಸುಮಾರು ಒಂಬತ್ತು ಲಕ್ಷ ಲೀಟರ್ ಹಿಡಿಯುತ್ತೆ. ಬೋರಿಗೆ ಆಟೋ ಸ್ಟಾರ್ಟರ್ ಹಾಕಿ ನೆಮ್ಮದಿಯಾಗಿ ಮಲಗಿದೆ. ಕರೆಂಟ್ ಬಂದಾಗೆಲ್ಲ ಮೋಟಾರ್ ತಾನೇ ಓಡುತ್ತೆ, ಹೊಂಡ ತುಂಬುತ್ತೆ, ಬೆಳಗ್ಗೆ ಹೊಂಡದಿಂದ 3 ಎಚ್‌ಪಿ ಮೋಟಾರಿನಲ್ಲಿ ಟೊಮೆಟೊಗೆ ಡ್ರಿಪ್, ಅಂದ್ರೆ ಹನಿ ನೀರಾವರಿ. "ಏನಣ್ಣ, ಸಮುದ್ರಾನೇ ಮಾಡ್ಕೊಂಡಿದ್ದೀಯ" ಅಂತ ಪಕ್ಕದ ಹೊಲದವರು ಅಂದಾಗ ಖುಷಿಯಾಗಿದ್ದೂ ಹೌದು.

ಎರಡನೇ ಬೇಸಿಗೆಗೆ ನೀರು ಬಿಟ್ಟು ಬಿಟ್ಟು ಬರತೊಡಗಿತು. ಆಮೇಲೆ ಒಂದು ರಾತ್ರಿ ಮೋಟಾರ್ ನೀರಿಲ್ಲದೆ ಒಣಗಿಕೊಂಡೇ ಓಡಿ ಸುಟ್ಟು ಹೋಯಿತು. ಎತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸಿದ ಖರ್ಚು ಬೇಡ ಬಿಡಿ. ಅವತ್ತು ಸಿಟ್ಟಿನಲ್ಲಿ 200 ಲೀಟರಿನ ಡ್ರಮ್ ತಂದು ಪೈಪಿನ ಕೆಳಗಿಟ್ಟೆ, ಮೋಟಾರಿಗೊಂದು ಮೀಟರ್ ಕೂಡ ಕಟ್ಟಿಸಿದೆ. ಡ್ರಮ್ ತುಂಬಲು ಎರಡೂವರೆ ನಿಮಿಷ. ಅಂದ್ರೆ ಗಂಟೆಗೆ 4,800 ಲೀಟರ್, ಕರೆಂಟು ಹತ್ತಿರ ಹತ್ತಿರ ಆರು ಯೂನಿಟ್. ಒಂದು ಯೂನಿಟ್‌ಗೆ 800 ಲೀಟರ್ ನೀರು, ಅಷ್ಟೇ.

ಈ ಒಂದು ಸಂಖ್ಯೆ ಸಿಕ್ಕಿದ ಮೇಲೆ ಹೊಂಡ ನೋಡಿದರೆ ಹೊಟ್ಟೆ ಉರಿಯಿತು. ಬೇಸಿಗೆಯಲ್ಲಿ ದಿನಕ್ಕೆ ಆರು ಮಿಲಿಮೀಟರ್ ಆವಿಯಾದರೂ ಅಷ್ಟಗಲದ ನೀರಿಗೆ 2,600 ಲೀಟರ್ ಲೆಕ್ಕ. ಮೂರು ಯೂನಿಟ್‌ಗಿಂತ ಜಾಸ್ತಿ ಕರೆಂಟ್ ಸುಟ್ಟು 800 ಅಡಿಯಿಂದ ಎತ್ತಿದ ನೀರನ್ನು ದಿನಾ ಬಿಸಿಲಿಗೆ ಕೊಡ್ತಾ ಇದ್ದೆ, ಉಳಿದಿದ್ದನ್ನು ಡ್ರಿಪ್‌ಗೆ ಬಿಡಲು ಇನ್ನೊಂದು ಮೋಟಾರ್ ಬೇರೆ. ನಮ್ಮಮ್ಮ ಮೊದಲೇ ಹೇಳಿದ್ದಳು, "ಅದು ಮಳೆ ನೀರಿಗೆ ತೆಗೆದ ಹಳ್ಳ ಕಣೋ" ಅಂತ. ಕೇಳಬೇಕಲ್ಲ!

ಈಗ ಬೋರ್ ನೀರು ಹೊಂಡಕ್ಕೆ ಹೋಗುವುದಿಲ್ಲ. ಹೊಲದ ಎತ್ತರದ ಮೂಲೆಯಲ್ಲಿ 16,000 ಲೀಟರಿನ ಮುಚ್ಚಿದ ತೊಟ್ಟಿ ಕಟ್ಟಿಸಿದೆ. ನೆಲದ ಮೇಲೆ ನಾಲ್ಕು ಮಿಲಿಮೀಟರ್ ನೀರು ನಿಲ್ಲುವ ಲೆಕ್ಕದಲ್ಲಿ ಒಂದು ಎಕರೆ ಟೊಮೆಟೊಗೆ ಒಂದು ದಿನಕ್ಕೆ ಬೇಕಾಗುವುದು ಅಷ್ಟೇ. 800 ಅಡಿ ಎತ್ತುವ ಮೋಟಾರಿಗೆ ಇನ್ನೊಂದು ಹದಿನೈದು ಅಡಿ ಏನೂ ಅಲ್ಲ, ಅಲ್ಲಿಂದ ನೀರು ಇಳಿಜಾರಲ್ಲಿ ತಾನೇ ಡ್ರಿಪ್‌ಗೆ ಇಳಿಯುತ್ತೆ. ಒತ್ತಡ ಕಡಿಮೆ, ಹಾಗಾಗಿ ಎಕರೆಯನ್ನು ಮೂರು ಭಾಗ ಮಾಡಿ ಒಂದೊಂದಾಗಿ ಬಿಡಬೇಕು, ಫಿಲ್ಟರ್ ದಿನಾ ತೊಳೆಯಬೇಕು. ತೊಟ್ಟಿ ತುಂಬಿದ ತಕ್ಷಣ ಮೋಟಾರ್ ನಿಲ್ಲುವ ಹಾಗೆ ಫ್ಲೋಟ್ ಸ್ವಿಚ್ ಹಾಕಿದ್ದೇನೆ. ನೀರು ಕಡಿಮೆಯಾದರೆ ಮೋಟಾರ್ ತಾನೇ ಆಫ್ ಆಗುವ ವ್ಯವಸ್ಥೆಯೂ ಇದೆ. ಏಳು ಗಂಟೆ ಓಡ್ತಿದ್ದಿದ್ದು ಮೂರೂವರೆ ಗಂಟೆಗಿಳಿದಿದೆ.

ಹೊಂಡಕ್ಕೆ ಮಳೆ ನೀರು ಮಾತ್ರ. ರಾಗಿ ತೆನೆ ಬರುವ ಹೊತ್ತಿಗೆ ಮಳೆ ಕೈಕೊಟ್ಟರೆ ಆಗ 3 ಎಚ್‌ಪಿ ಮೋಟಾರ್ ತೆಗೆಯುತ್ತೇನೆ. ಎಕರೆಗೆ ಒಂದಿಂಚು ನೀರು ಅಂದರೆ ಒಂದು ಲಕ್ಷ ಲೀಟರ್, ಎರಡು ಎಕರೆಗೆ ಎರಡು ಲಕ್ಷ. ಅದೇ ನೀರನ್ನು ಬೋರಿನಿಂದ ಎತ್ತಿದ್ದರೆ 250 ಯೂನಿಟ್ ಆಗ್ತಿತ್ತು. ರಾಗಿ ಹುಲ್ಲು ದನಕ್ಕೆ, ಸಗಣಿ ಗೋಬರ್ ಗ್ಯಾಸಿಗೆ. ಗ್ಯಾಸಿಗೆ ಸಗಣಿಯಷ್ಟೇ ನೀರೂ ಬೇಕು, ಅದಕ್ಕೆ ಕೊಟ್ಟಿಗೆ ತೊಳೆದ ನೀರನ್ನೇ ಬಿಡ್ತೀವಿ. ಗ್ಯಾಸ್ ಆದ ಮೇಲೆ ಹೊರಬರುವ ಸ್ಲರಿ, ಅಂದ್ರೆ ಸಗಣಿ ಬಗ್ಗಡ, ಮೇವಿನ ಹುಲ್ಲಿಗೆ.

ಎಲ್ಲಾ ಸರಿಹೋಗಿದೆ ಅಂತಲ್ಲ. ಟೊಮೆಟೊ ರೇಟ್ ಏರಿದಾಗ ಇನ್ನೊಂದು ಎಕರೆ ಹಾಕೋಣ ಅಂತ ಕೈ ತುರಿಸುತ್ತೆ. ಹೋದ ಸಲ ತಮ್ಮ ಹಟ ಹಿಡಿದ. "ತೊಟ್ಟಿಯಲ್ಲಿ ಎಷ್ಟಿದೆಯೋ ಅಷ್ಟಕ್ಕೆ ಹಾಕು" ಅಂದೆ. ಎರಡು ದಿನ ಮಾತು ಬಿಟ್ಟಿದ್ದ.