ಗೋವಾದಲ್ಲಿ ಮನೆ ದಿನಬಾಡಿಗೆಗೆ ಕೊಡುವಿರಾದರೆ ಮೊದಲು ತಲೆ ಎಣಿಸಿ

ರಾತ್ರಿ ಗದ್ದಲ, ಟ್ಯಾಂಕ್ ಖಾಲಿ, ಕಟ್ಟಿಕೊಂಡ ಕಮೋಡು, ಪಕ್ಕದ ಮನೆಯವರ ದೂರು. ದಿನಬಾಡಿಗೆಗೆ ಮನೆ ಕೊಡಲು ಹೊಸದಾಗಿ ಶುರುಮಾಡಿದವರು ಇವನ್ನೆಲ್ಲ ಬೇರೆ ಬೇರೆ ತೊಂದರೆ ಎಂದುಕೊಂಡು ಒಂದೊಂದಕ್ಕೂ ಒಂದೊಂದು ನಿಯಮ ಬರೆಯುತ್ತಾರೆ. ಬಹಳಷ್ಟು ಸಲ ಇವುಗಳ ಬೇರು ಒಂದೇ: ಬುಕ್ ಆದದ್ದಕ್ಕಿಂತ ಹೆಚ್ಚು ಮಂದಿ ಒಳಗಿದ್ದಾರೆ. ಮಂದಿಯ ಲೆಕ್ಕ ಹಿಡಿತದಲ್ಲಿದ್ದರೆ ಉಳಿದದ್ದನ್ನು ಸಂಭಾಳಿಸಬಹುದು.

ನೀರನ್ನೇ ನೋಡಿ. ತಲೆಗೆ ದಿನಕ್ಕೆ 135 ಲೀಟರ್ ಎಂಬುದು ನಗರದ ನೀರು ಪೂರೈಕೆಗೆ ಹಿಡಿಯುವ ಅಂದಾಜು. ನಾಲ್ವರಿಗೆ 540 ಲೀಟರ್, 1,000 ಲೀಟರಿನ ಟ್ಯಾಂಕಿಗೆ ಅದೊಂದು ಭಾರವಲ್ಲ. ಎಂಟು ಮಂದಿಯಾದರೆ 1,080. ಮೇಲಾಗಿ ಸಮುದ್ರಕ್ಕೆ ಹೋಗಿಬಂದವರು ದಿನಕ್ಕೆರಡು ಸಲ ಮೀಯುತ್ತಾರೆ. ಬೆಳಗ್ಗೆ ನಲ್ಲಿ ನಿಂತಾಗ ಫೋನ್ ಬರುವುದು ನಿಮಗೇ.

ಹಾಗಾಗಿ ಬುಕಿಂಗ್ ಆ್ಯಪಿನಲ್ಲಿ ಹಾಕುವ ಮನೆಯ ವಿವರದಲ್ಲಿ, ಅಂದರೆ ಲಿಸ್ಟಿಂಗಿನಲ್ಲಿ, ಗರಿಷ್ಠ ಸಂಖ್ಯೆಯನ್ನು ಹಾಸಿಗೆ ಎಷ್ಟಿವೆಯೋ ಅಷ್ಟಕ್ಕೇ ನಿಲ್ಲಿಸಿ. ‘ಸೋಫಾ ಮೇಲೂ ಇಬ್ಬರು ಮಲಗಬಹುದು’ ಎಂದು ಬರೆದರೆ ಇನ್ನೂ ನಾಲ್ವರನ್ನು ನೀವೇ ಕರೆದಂತೆ. ಹೆಚ್ಚುವರಿ ಗಾದಿ, ದಿಂಬು ಬೀಗದೊಳಗಿರಲಿ. ತಲೆಗೊಂದು ಸ್ನಾನದ ಟವೆಲ್, ಒಂದು ಕೈ ಟವೆಲ್ ಇಟ್ಟರೆ ಸಾಕು. ಎರಡನೇ ದಿನವೇ ‘ಇನ್ನೂ ನಾಲ್ಕು ಟವೆಲ್ ಕೊಡಿ’ ಎಂದು ಮೆಸೇಜ್ ಬಂದರೆ ಒಳಗೆ ಎಷ್ಟು ಮಂದಿ ಇದ್ದಾರೆಂದು ನೋಡಿಬರಲು ಅದೇ ಸೂಚನೆ.

ಬುಕಿಂಗ್ ಆದ ದಿನವೇ ಎಲ್ಲ ವಯಸ್ಕರ ಹೆಸರು, ಗುರುತಿನ ಚೀಟಿ ಕೇಳಿ. ಆಧಾರ್ ಆದರೆ ಅಂಕಿ ಮರೆಮಾಡಿದ ಪ್ರತಿ ಸಾಕು. ವಿದೇಶಿಯರಿದ್ದರೆ ಪಾಸ್‌ಪೋರ್ಟ್, ವೀಸಾ ನೋಡಿ, ಬಂದ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ತಿಳಿಸುವ ಫಾರ್ಮ್ (ಸಿ ಫಾರ್ಮ್ ಎಂದೇ ರೂಢಿ) ಆನ್‌ಲೈನಿನಲ್ಲಿ ತುಂಬಲೇಬೇಕು. ಹೆಸರು ಕೊಡಲು ಸತಾಯಿಸುವ ಗುಂಪು ಬಂದ ಮೇಲೂ ಸತಾಯಿಸುವುದೇ ಹೆಚ್ಚು.

ವಾರಾಂತ್ಯದ ಗುಂಪಿಗೆ ಬಾಗಿಲ ಬಳಿಯ ಕೀ ಬಾಕ್ಸ್ (ನಂಬರ್ ಒತ್ತಿ ಕೀ ತೆಗೆಯುವ ಡಬ್ಬಿ) ನಂಬರ್ ಕಳಿಸಿ ಕೈತೊಳೆದುಕೊಳ್ಳಬೇಡಿ. ಬಾಗಿಲಲ್ಲಿ ಮನುಷ್ಯರೊಬ್ಬರು ನಿಂತು ಎಣಿಸಿ ಕೀ ಕೊಡಬೇಕು. ಚೋರ್ಲಾ ಘಾಟ್ ಇಳಿದು ಬಂದ ನಮ್ಮ ಕಡೆಯವರು ಕನ್ನಡ ಕೇಳಿದ ಕೂಡಲೇ ಸಲಿಗೆಯಿಂದ, ‘ನಾವೂ ಹುಬ್ಬಳ್ಳಿಯವ್ರ ರೀ, ಇಬ್ರು ಜಾಸ್ತಿ ಅದೀವಿ, ಅಡ್ಜಸ್ಟ್ ಮಾಡ್ಕೋರಿ’ ಅನ್ನುತ್ತಾರೆ. ಕೇರ್‌ಟೇಕರ್‌ಗೆ ಉತ್ತರ ಮೊದಲೇ ಬಾಯಿಪಾಠ ಆಗಿರಲಿ: ‘ಅಣ್ಣಾರ, ಬುಕಿಂಗ್ ನಾಲ್ಕು ಮಂದಿಗೆ ಆಗೇತಿ. ಉಳಿದವರಿಗೆ ಇಲ್ಲೇ ಹತ್ತರ ರೂಮ್ ನೋಡಿಕೊಡ್ತೀನಿ.’ ಮನೆಯಲ್ಲಿ ನಿಜಕ್ಕೂ ಜಾಗವಿದ್ದರೆ ಬುಕಿಂಗನ್ನು ಆ್ಯಪಿನಲ್ಲೇ ಬದಲಾಯಿಸಿ ಹಣ ಅಲ್ಲೇ ತೆಗೆದುಕೊಳ್ಳಿ. ನಗದು ಮಾತ್ರ ಮುಟ್ಟಬೇಡಿ. ನಾಳೆ ಟಿವಿ ಒಡೆದರೆ ದಾಖಲೆಯಲ್ಲಿರುವುದು ನಾಲ್ಕೇ ಮಂದಿ. ಉಳಿದವರನ್ನು ಒಳಗೆ ಬಿಟ್ಟವರು ನೀವೇ ಆಗುತ್ತೀರಿ.

ಇನ್ನು ಗದ್ದಲ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ವಸತಿ ಪ್ರದೇಶಕ್ಕೆ ಆಗ 45 ಡೆಸಿಬೆಲ್ ಮಿತಿ. ಸಾಮಾನ್ಯ ಮಾತುಕತೆಯೇ 60ರ ಆಸುಪಾಸು ಇರುತ್ತದೆ. ಆದ್ದರಿಂದ ಸ್ಪೀಕರ್ ಆರಿಸಿದರೂ ಬಾಲ್ಕನಿಯ ನಗು, ಹರಟೆಗೇ ದೂರು ಬರುತ್ತದೆ. ‘ಗಲಾಟೆ ಮಾಡಬೇಡಿ’ ಎಂದು ಬರೆದು ಉಪಯೋಗವಿಲ್ಲ. ‘10 ಗಂಟೆಗೆ ಬಾಲ್ಕನಿ ಬಾಗಿಲು ಹಾಕಿ ಒಳಗೆ ಕೂರಿ’ ಎಂದು ಬರೆಯಿರಿ. 9.30ಕ್ಕೆ ಮೆಸೇಜ್ ಹೋಗಲಿ: ‘ಸರ್, ಊಟ ಆಯ್ತಾ? 10ಕ್ಕೆ ಬಾಲ್ಕನಿ ಬಾಗಿಲು ಹಾಕಿಕೊಳ್ಳಿ, ಮೇಲಿನ ಮನೆಯಲ್ಲಿ ವಯಸ್ಸಾದವರಿದ್ದಾರೆ.’ ಇಲ್ಲದ ಅಜ್ಜಿಯನ್ನು ಸೃಷ್ಟಿಸಬೇಡಿ, ಇದ್ದುದನ್ನೇ ಹೇಳಿ. 10.15ಕ್ಕೆ ಫೋನ್, 10.30ಕ್ಕೆ ಕೇರ್‌ಟೇಕರ್ ಬಾಗಿಲಿಗೆ. ಆಮೇಲೂ ನಿಲ್ಲದಿದ್ದರೆ ಆ್ಯಪಿನ ಸಹಾಯವಾಣಿಗೆ ತಿಳಿಸಿ. ಬೆದರಿಕೆ, ಹೊಡೆದಾಟ ಆದರೆ ನೇರ 112. ಮೇಲೆ, ಕೆಳಗೆ, ಪಕ್ಕ, ಮೂರೂ ಮನೆಯವರ ಹತ್ತಿರ ನಿಮ್ಮ ನಂಬರ್ ಇದ್ದರೆ ಅವರು ಪೊಲೀಸರಿಗಿಂತ ಮೊದಲು ನಿಮಗೆ ಫೋನ್ ಮಾಡುತ್ತಾರೆ.

ಪೊಲೀಸರನ್ನು ಕರೆಯುವ ಧೈರ್ಯ ಬೇಕೆಂದರೆ ನಿಮ್ಮ ಕಾಗದಪತ್ರ ಸರಿಯಿರಬೇಕು. ಗೋವಾದಲ್ಲಿ ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಡುವ ಮನೆಯನ್ನು 1982ರ ಪ್ರವಾಸಿ ವ್ಯಾಪಾರ ನೋಂದಣಿ ಕಾಯ್ದೆಯಡಿ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಬೇಕು.

ಕೆಲವು ನಿಯಮ ಬರೆಯುವುದೇ ದಂಡ, ವ್ಯವಸ್ಥೆ ಮಾಡಿಬಿಡಿ. ‘ಮರಳು ತರಬೇಡಿ’ ಅನ್ನುವ ಬದಲು ಬಾಗಿಲ ಹೊರಗೊಂದು ನಲ್ಲಿ, ತೆಂಗಿನ ನಾರಿನ ಕಾಲೊರಸು ಇಡಿ. ಬಾತ್‌ರೂಮಿಗೆ ಹೋದ ಮರಳು ನೀರಿನ ಜಾಲರಿಯ ಕೆಳಗೆ ಕೂತು ಗಟ್ಟಿಯಾಗುತ್ತದೆ. ಒದ್ದೆ ಬಟ್ಟೆ ಮಂಚದ ಮೇಲೆ ಬೀಳುವುದು ಹಗ್ಗ ಇಲ್ಲದ ಮನೆಯಲ್ಲಿ. ಬಾಗಿಲು ತೆರೆದಿಟ್ಟು ಎಸಿ ಹಾಕಿದರೆ ಕರಾವಳಿಯ ಹಸಿಗಾಳಿ ತಣ್ಣನೆಯ ಗೋಡೆಗೆ ತಾಗಿ ಬೆವರಿ ಬೂಸ್ಟು ಹಿಡಿಯುತ್ತದೆ. ಬಾಗಿಲು ತೆರೆದಾಗ ಎಸಿ ನಿಲ್ಲಿಸುವ ಮ್ಯಾಗ್ನೆಟ್ ಸೆನ್ಸರ್ ಹಾಕಿಸಿ. ಸೆಪ್ಟಿಕ್ ಟ್ಯಾಂಕ್ ಇರುವ ಮನೆಯಲ್ಲಿ ಕಮೋಡಿನ ಪಕ್ಕದಲ್ಲೇ ಮುಚ್ಚಳದ ಡಬ್ಬಿ, ಹಳೆ ಪೇಪರ್ ಇದ್ದರೆ ಪ್ಯಾಡ್ ಒಳಗೆ ಹೋಗುವುದಿಲ್ಲ. ಇಷ್ಟಾದ ಮೇಲೆ ಗೋಡೆಗೆ ಹಚ್ಚುವ ನಿಯಮ ಐದಕ್ಕಿಂತ ಹೆಚ್ಚು ಉಳಿಯಬಾರದು. ಇಪ್ಪತ್ತಿದ್ದರೆ ಯಾರೂ ಓದುವುದಿಲ್ಲ.

ಕ್ಯಾಮೆರಾ ಮುಖ್ಯ ಬಾಗಿಲ ಹೊರಗೆ ಮಾತ್ರ, ಅದನ್ನೂ ಲಿಸ್ಟಿಂಗಿನಲ್ಲಿ ಹೇಳಿರಬೇಕು. ಬುಕಿಂಗ್ ಆ್ಯಪ್ ಏರ್‌ಬಿಎನ್‌ಬಿಯಂತೂ 2024ರ ಏಪ್ರಿಲ್ 30ರಿಂದ ಮನೆಯೊಳಗಿನ ಕ್ಯಾಮೆರಾ ಪೂರ್ತಿ ನಿಷೇಧಿಸಿದೆ.

ಹಾನಿಯ ಹಣ ಕೇಳುವುದಾದರೆ ಸಾಕ್ಷಿ ಬೇಕು. ಪ್ರತಿ ಗುಂಪು ಬರುವ ಮುನ್ನ, ಹೋದ ಕೂಡಲೇ, ಒಂದೇ ಕ್ರಮದಲ್ಲಿ ವಿಡಿಯೊ ಮಾಡಿ: ಬಾಗಿಲು, ಸೋಫಾ, ಟಿವಿ ಆನ್ ಮಾಡಿ, ಗಾದಿಯ ಎರಡೂ ಬದಿ, ಬಾತ್‌ರೂಮ್, ಫ್ರಿಜ್. ಟಿವಿ ಆರಿದ್ದರೆ ಪರದೆಯ ಬಿರುಕು ಕಾಣುವುದಿಲ್ಲ. ಏರ್‌ಬಿಎನ್‌ಬಿಯಲ್ಲಿ ಅತಿಥಿ ಹೊರಟ 14 ದಿನದೊಳಗೆ ಬಿಲ್ ಸಮೇತ ಕೇಳಬೇಕು. ಅವರ ಬಗ್ಗೆ ರಿವ್ಯೂ ಬರೆಯಲಿಕ್ಕೂ ಅಷ್ಟೇ ಅವಧಿ. ಬೈಗುಳ ಬೇಡ. ‘ನಾಲ್ವರಿಗೆ ಬುಕಿಂಗ್, ಎಂಟು ಮಂದಿ ಬಂದರು, ರಾತ್ರಿ 11ರ ನಂತರವೂ ಸಂಗೀತ, ಎರಡು ಸಲ ಹೇಳಿದೆವು’ ಎಂದು ಬರೆಯಿರಿ, ಮುಂದಿನ ಮನೆಯವರಿಗೆ ಬೇಕಾದ್ದು ಅದೇ.