ಕುಂಡಕ್ಕೊಂದು ತೇವದ ಸೆನ್ಸರ್: ಲೋಟದ ನೀರಿನ ಲೆಕ್ಕ ಬಿಡಿ

ಗಿಡಕ್ಕೆ ನೀರು ಬೇಕಾ ಬೇಡವಾ ಎಂದು ಹೇಳುವ ಸೆನ್ಸರ್ ಜೋಡಿಸಿದವರನ್ನು ತುಂಬಾ ನೋಡಿದ್ದೇನೆ. ತಿಂಗಳಾದ ಮೇಲೂ ಅದನ್ನು ನಂಬುವವರು ಕಡಿಮೆ.

ಎರಡು ಕಾಲಿನ ಅಗ್ಗದ ಸೆನ್ಸರ್ ಬೇಡವೇ ಬೇಡ. ಅದು ಮಣ್ಣಿಗೆ ಕರೆಂಟ್ ಹರಿಸಿ ಅಳೆಯುತ್ತದೆ. ಕಾಲು ಕಿಲುಬು ಹಿಡಿದು ಸವೆಯುತ್ತದೆ, ಗೊಬ್ಬರ ಹಾಕಿದರೂ ಅಂಕಿ ಬದಲಾಗುತ್ತದೆ. ಕೆಪಾಸಿಟಿವ್ ಸೆನ್ಸರ್ ತಗೊಳ್ಳಿ. ನೀರಿನ ಡೈಎಲೆಕ್ಟ್ರಿಕ್ ಅಂಕಿ (ವಿದ್ಯುತ್ ಕ್ಷೇತ್ರದಲ್ಲಿ ಚಾರ್ಜ್ ಹಿಡಿದಿಡುವ ಗುಣದ ಅಳತೆ) ಸುಮಾರು 80, ಒಣ ಮಣ್ಣಿನದು 3ರಿಂದ 5. ಈ ಅಂತರವನ್ನೇ ಅದು ಹಿಡಿಯುವುದು.

ಅದರ ಪಟ್ಟಿಯ ಕತ್ತರಿಸಿದ ಅಂಚು ನೀರು ಹೀರುತ್ತದೆ. ನೈಲ್ ಪಾಲಿಶ್ ಎರಡು ಸಲ ಬಳಿದು ಒಣಗಿಸಿ. ಮೇಲಿನ ಬಿಡಿಭಾಗಗಳು ಮಣ್ಣಿನ ಹೊರಗೇ ಇರಲಿ.

ವೈರು ಮೂರೇ: ಪವರ್, ಗ್ರೌಂಡ್, ಸಿಗ್ನಲ್. ಸೆನ್ಸರ್ ಓದುವುದು ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಪ್ಯೂಟರ್) ಬೋರ್ಡ್ ಆದರೆ ಸಿಗ್ನಲ್ 34ನೇ ಪಿನ್ನಿಗೆ ಕೊಡಿ. ಎಡಿಸಿ ಅಂದರೆ ಸಿಗ್ನಲ್ಲನ್ನು ಅಂಕಿಯಾಗಿಸುವ ಭಾಗ; ವೈಫೈ ಕೂಡ ಬಳಸುವ ಎಡಿಸಿ2 ಗುಂಪಿನ ಪಿನ್ನಿಗೆ ಕೊಟ್ಟು, ವೈಫೈ ಹಾಕಿದ ಕೂಡಲೇ ರೀಡಿಂಗ್ ಹೋಯಿತು ಎಂದು ಬೋರ್ಡನ್ನೇ ಬೈಯುವವರಿದ್ದಾರೆ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ, ಯಾವ ಅಂಕಿಗೆ ಎಷ್ಟು ತೇವ ಎಂದು ಗೊತ್ತುಮಾಡುವಲ್ಲಿ. ಗಾಳಿಯಲ್ಲಿ ಹಿಡಿದು ಸೊನ್ನೆ, ಲೋಟದ ನೀರಲ್ಲಿ ಅದ್ದಿ ನೂರು ಎಂದು ಬರೆದುಕೊಳ್ಳುತ್ತಾರೆ. ಗಿಡ ಬೆಳೆಯುವುದು ಗಾಳಿಯಲ್ಲೂ ಅಲ್ಲ, ಲೋಟದಲ್ಲೂ ಅಲ್ಲ, ಅಲ್ವಾ? ಆ ಕುಂಡಕ್ಕೆ ಹಾಕುವ ಮಣ್ಣನ್ನೇ ಬಿಸಿಲಲ್ಲಿ ಹರಡಿ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. 1 ಕಿಲೋ ತೂಗಿ ಡಬ್ಬಿಗೆ ತುಂಬಿ, ಸೆನ್ಸರ್ ಚುಚ್ಚಿ ಅಂಕಿ ಬರೆದುಕೊಳ್ಳಿ. ಮಣ್ಣನ್ನು ಬೇಸಿನ್‌ಗೆ ಸುರಿದು 100 ಮಿ.ಲೀ. ನೀರು ಹಾಕಿ, ಉಂಡೆ ಉಳಿಯದ ಹಾಗೆ ಕಲಸಿ, ಮತ್ತೆ ತುಂಬಿ ಓದಿ. ಹೀಗೆ ನೂರು ನೂರು ಸೇರಿಸುತ್ತಾ, ಮಣ್ಣು ಕೆಸರಾಗುವ ಮುಂಚೆ ನಿಲ್ಲಿಸಿ. ಪ್ರತಿ ಸಲವೂ ಒಂದೇ ಬಿಗಿಯಲ್ಲಿ ಒತ್ತಬೇಕು. ಪಟ್ಟಿಯ ಪಕ್ಕ ಸಣ್ಣ ಸಂದು ಉಳಿದರೂ ಸೆನ್ಸರ್ ಗಾಳಿಯನ್ನು ಅಳೆದು, ಒದ್ದೆ ಮಣ್ಣನ್ನೂ ಒಣ ಎನ್ನುತ್ತದೆ. ಒಣಗಿದಷ್ಟೂ ಅಂಕಿ ಜಾಸ್ತಿ. ಗಾಬರಿ ಬೇಡ, ಈ ಸೆನ್ಸರ್ ಇರುವುದೇ ಹಾಗೆ.

ಇಂಟರ್ನೆಟ್ಟಿನಲ್ಲಿ ಸಿಗುವ ಬೇರೆಯವರ ಅಂಕಿ ಸುಮ್ನೆ ನಕಲು ಮಾಡಬೇಡಿ. ತೆಂಗಿನ ನಾರಿನ ಪುಡಿಗೂ ಜೇಡಿಮಣ್ಣಿಗೂ ಲೆಕ್ಕವೇ ಬೇರೆ.

ಪ್ರೋಗ್ರಾಮಿನಲ್ಲಿ 21 ಸಲ ಓದಿಸಿ, ಏರಿಕೆ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ಇಟ್ಟುಕೊಳ್ಳಿ. ಸೆನ್ಸರನ್ನು ಬೇರಿನ ಆಳಕ್ಕೆ ಚುಚ್ಚಿ, ಸುತ್ತ ಮಣ್ಣು ಒತ್ತಿ. ಒಮ್ಮೆ ಎಲೆ ಸ್ವಲ್ಪ ಜೋಲುವವರೆಗೆ ನೀರು ನಿಲ್ಲಿಸಿ, ಆಗಿನ ಅಂಕಿ ಬರೆದುಕೊಂಡು ತಕ್ಷಣ ನೀರು ಕೊಡಿ. ಅಲಾರಾಂ ಅದಕ್ಕಿಂತ ಸಾಕಷ್ಟು ಮೊದಲೇ ಹೊಡೆಯಬೇಕು. ಆಮೇಲೆ ಸೆನ್ಸರ್ ಕಿತ್ತು ಬೇರೆ ಕಡೆ ಚುಚ್ಚಿದಿರೋ, ಈ ಅಂಕಿಯನ್ನು ಮತ್ತೆ ಹುಡುಕಬೇಕಾಗುತ್ತದೆ.